ಫೆಲಿಕ್ಸನ ಹಕ್ಕಿ ಲೈಸೆನ್ಸು

ಮನೆಯ ಗೋಡೆಗೆ ಜನ ಏನೇನನ್ನೋ ತೂಗುಹಾಕುತ್ತಾರೆ, ಗೆಳೆಯರೇ. ಎಂಬತ್ತರ ದಶಕದ ನೈರೋಬಿಯಲ್ಲಿ, ಪಾರ್ಕ್‌ಲ್ಯಾಂಡ್ಸಿನ ನಮ್ಮ ಪಕ್ಕದ ಫ್ಲಾಟಿನ ದಂತವೈದ್ಯ ಫೆಲಿಕ್ಸ್ ಮಾತ್ರ ಯೇಸುವಿನ ಪಟಕ್ಕೂ ತನ್ನ ಡಿಗ್ರಿಗೂ ನಡುವೆ ಹಕ್ಕಿ ಹೊಡೆಯುವ ಲೈಸೆನ್ಸಿಗೆ ಕಟ್ಟು ಹಾಕಿಸಿ ನೇತುಹಾಕಿದ್ದ. ಆನೆ, ಸಿಂಹಗಳ ಬೇಟೆಗೆ ಕೀನ್ಯಾ ಸರ್ಕಾರ ಅಷ್ಟರಲ್ಲಾಗಲೇ ಬಾಗಿಲು ಮುಚ್ಚಿತ್ತು. ಹಕ್ಕಿಗಳ ಪಾಲಿಗೆ ಮಾತ್ರ, ಅವುಗಳ ದುರದೃಷ್ಟಕ್ಕೆ, ಒಂದು ಕಿಟಕಿ ತೆರೆದೇ ಇತ್ತು.

ಬೇಟೆಯ ಹುಚ್ಚು ಅವನಿಗಿರಲಿಲ್ಲ. ರಜೆಗೆ ಮಂಗಳೂರಿಗೆ ಹೋದಾಗಲೆಲ್ಲ ಮಾವನ ಮುಂದೆ ಕಾಡುಬಾತುಗಳನ್ನು ಬಾಯಲ್ಲೇ ಹೊಡೆದುರುಳಿಸುವ ಹುಚ್ಚಿತ್ತು. ಈಗ ಆ ಮಾವ ಕ್ರಿಸ್‌ಮಸ್ಸಿಗೆ ಬರುತ್ತಿದ್ದರು. ಅಳಿಯ ಹೊಡೆದ ಬಾತನ್ನೇ ಉಣ್ಣುವೆನೆಂದು ಮೊದಲೇ ಹೇಳಿಕಳಿಸಿದ್ದರು. ಮಾನ ಹೋಗುವ ಹೊತ್ತಿನಲ್ಲಿ ಅವನಿಗೆ ನೆನಪಾದವನು ಕಾನೂನು ಪಾಠ ಹೇಳುವ, ಮೊಟ್ಟೆಯನ್ನೂ ಮುಟ್ಟದ ನಾನು. “ರೂಲ್ಸ್ ನೀವು ನೋಡಿ ಸಾರ್, ಗನ್ ನಾನು ನೋಡ್ತೇನೆ,” ಎಂದ.

ನೋಡಿದೆ, ನೋಡುತ್ತ ಬೆರಗಾದೆ. ಜಮೀನಿನ ಯಜಮಾನ ಒಪ್ಪಬೇಕು, ಕಾರಿನಲ್ಲಿ ಕೂತು ಹೊಡೆಯಬಾರದು, ಸೂರ್ಯ ಮುಳುಗಿದ ಮೇಲೆ ಬಂದೂಕು ಎತ್ತಬಾರದು, ಪಟ್ಟಿಯಲ್ಲಿ ಹೆಸರಿಲ್ಲದ ಹಕ್ಕಿಯ ತಂಟೆಗೆ ಹೋಗಬಾರದು. ಸಾಯುವುದಕ್ಕೂ ಪಟ್ಟಿಯಲ್ಲಿ ಹೆಸರಿರಬೇಕೆಂದರೆ, ಪಾಪ, ಹಕ್ಕಿಯಾದರೂ ಏನು ಮಾಡೀತು! ಸಮುದ್ರ, ಮರುಭೂಮಿಗಳನ್ನು ದಾಟಿ ಉತ್ತರದಿಂದ ಬರುವ ಆ ಬಾತುಗಳನ್ನು ವೀಸಾ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ವರ್ಕ್ ಪರ್ಮಿಟ್ಟಿಗಾಗಿ ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡ ನನಗೆ ಅವುಗಳ ಮೇಲೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಆದರೂ ಪರ್ಮಿಟ್ಟು ಸಿಕ್ಕ ಮೇಲೆ ಗುಂಡು ಬೀಳುವುದು ನನಗಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ನೈರೋಬಿಯ ಅಂಚಿನ ಕರೆನ್ ಬಡಾವಣೆಯಿಂದಾಚೆ ಪರಿಚಯದ ರೈತರೊಬ್ಬರ ಕೆರೆ. ಅವರ ಒಪ್ಪಿಗೆ ಪಡೆದೇ ಹೋಗಿದ್ದೆವು. ಮಾವ ಮಡಚುವ ಕುರ್ಚಿಯಲ್ಲಿ ಪ್ರತಿಷ್ಠಾಪಿತರಾದರು. ಸಂಜೆ ಬಾತುಗಳು ಇಳಿದವು. ಫೆಲಿಕ್ಸ್ ಬಂದೂಕೆತ್ತಿ, ಇವು ಪಟ್ಟಿಯಲ್ಲಿರುವ ಜಾತಿಯೇ ಎಂದು ಪಿಸುಮಾತಿನಲ್ಲಿ ಕೇಳಿದ. ನಾನು ಪಕ್ಷಿಪುಸ್ತಕ ತೆರೆದೆ. ಪಟ್ಟಿಯಲ್ಲಿದ್ದ ಬಾತಿನ ಚಿತ್ರದಲ್ಲಿ ಗಂಡಿಗೆ ಕಣ್ಣಿನ ಮೇಲೆ ಚೆಂದದ ಬಿಳಿ ಪಟ್ಟೆ. ಆದರೆ ವಲಸೆಯ ಕಾಲದಲ್ಲಿ ಆ ಮಹಾಶಯ ಮದುವೆಯ ಉಡುಪು ಕಳಚಿಟ್ಟು, ಹೆಂಡತಿಯಂತೆಯೇ ಮಾಸಲು ಕಂದು ತೊಟ್ಟು ಬರುತ್ತಾನಂತೆ. ಕೆರೆಯ ತುಂಬ ಬರೀ ಕಂದು. ಪುಟ ತಿರುವಿದೆ, ಅನುಮಾನಿಸಿದೆ, ಮತ್ತೆ ತಿರುವಿದೆ. ಅಷ್ಟರಲ್ಲಿ ಸೂರ್ಯ ಮುಳುಗಿದ. ಇನ್ನು ಹೊಡೆಯುವಂತಿಲ್ಲವೆಂದು ತರಗತಿಯ ಗತ್ತಿನಲ್ಲಿ ಸಾರಿದೆ.

ಫೆಲಿಕ್ಸನ ಮುಖ ನೋಡಿ ನಿಜಕ್ಕೂ ಕನಿಕರವಾಯಿತು. ಅವನು ಮಾವನ ಕಡೆ ತಿರುಗಿ, ಈವರೆಗೆ ತಾನು ಒಂದು ಗುಬ್ಬಿಯನ್ನೂ ಹೊಡೆದಿಲ್ಲವೆಂದು ಹೇಳಿಯೇಬಿಟ್ಟ.

“ದೇವರು ದೊಡ್ಡವ ಮಾರಾಯ,” ಅಂದರು ಮುದುಕರು. “ಬಾತು ಅಗಿಯುವ ಹಲ್ಲು ನನಗೆಲ್ಲಿ ಉಂಟು? ನಿನಗೆ ಬೇಜಾರಾಗ್ಬಾರ್ದೂಂತ ಬಾತು ಬಾತು ಅಂದದ್ದು. ನಾನು ಬಂದದ್ದೇ ನಿನ್ನ ಕೈಯಲ್ಲಿ ಒಂದು ಹಲ್ಲುಸೆಟ್ಟು ಮಾಡಿಸ್ಲಿಕ್ಕೆ.”

ಲೈಸೆನ್ಸಿಲ್ಲದ ನನ್ನ ಕೈಗೆ ಬಂದೂಕು ತುರುಕಿ, ಫೆಲಿಕ್ಸ್ ಆ ಕೆರೆದಂಡೆಯಲ್ಲೇ ಮಾವನ ಬಾಯಿ ತೆರೆಸಿದ. ಇಷ್ಟು ಲಕ್ಷ್ಯವಿಟ್ಟು ಅವನು ಇಡೀ ಸಂಜೆ ಒಂದು ಬಾತನ್ನೂ ನೋಡಿರಲಿಲ್ಲ.