ಓರೆ ನಾಲ್ಕಿನ ವಾಂಡಾ

ಬೆಳಗಿನ ಐದೂಕಾಲು. ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಲಾಥ್ರಪ್ ರೈಫಲ್ ಕಾರ್ಖಾನೆಯ ಪಕ್ಕದ ಬಾಗಿಲ ಮುಂದೆ ವಾಂಡಾ ಗ್ರೊಡ್ಸ್ಕಿ ನಿಂತಿದ್ದಾರೆ. ಬೀಗ ತೆಗೆದಾಯಿತು, ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಎಪ್ಪತ್ತೇಳು ವರ್ಷದ ಈ ಹೆಂಗಸು ಕಾಫಿ ಫ್ಲಾಸ್ಕನ್ನು ನೆಲಕ್ಕಿಟ್ಟು, ಎಡ ಭುಜದಿಂದ ಒಂದು ಗುದ್ದು ಗುದ್ದುತ್ತಾರೆ. ಬಾಗಿಲು ತೆರೆದುಕೊಳ್ಳುತ್ತದೆ.

"ಹದಿನೆಂಟನೇ ವಯಸ್ಸಿಂದ ಹೇಳ್ತಾ ಇದೀನಿ, ಇದಕ್ಕೆ ಒಂದು ತೊಟ್ಟು ಎಣ್ಣೆ ಬಿಡ್ರೋ ಅಂತ," ಎಂದು ನನ್ನತ್ತ ತಿರುಗುತ್ತಾರೆ. "ಬಂದೂಕಿಗೆ ಬಿಡ್ತಾರೆ, ಬಾಗ್ಲಿಗೆ ಬಿಡಲ್ಲ."

ಒಳಗೆ ಓಕ್ ಮರದ ನಾನೂರ ಹನ್ನೆರಡು ಸೆಳೆಖಾನೆಗಳು. 1903ರಿಂದ 1981ರವರೆಗೆ ಈ ಕಾರ್ಖಾನೆಯಿಂದ ಹೊರಟ ಒಂದೊಂದು ರೈಫಲ್ಲಿಗೂ ಇಲ್ಲೊಂದು ಕಾರ್ಡಿದೆ. ಯಾವ ದಿನ ತಯಾರಾಯಿತು, ಹಿಡಿಕೆ ಯಾವ ಮರದ್ದು, ಯಾವ ಊರಿನ ಅಂಗಡಿಗೆ ಹೋಯಿತು ಎಂಬ ಮೂರು ಸಾಲಿನ ಜಾತಕ. ಹಳೆಯ ಲಾಥ್ರಪ್ ರೈಫಲ್ ಇಟ್ಟುಕೊಂಡವರು ದೇಶದ ಮೂಲೆಮೂಲೆಯಿಂದ ನಂಬರ್ ಬರೆದು ಕಾಗದ ಹಾಕುತ್ತಾರೆ. ವಾಂಡಾ ಕಾರ್ಡ್ ಹುಡುಕಿ ಉತ್ತರ ಬರೆಯುತ್ತಾರೆ. ವಾರಕ್ಕೆ ನಾಲ್ಕು ಬೆಳಗು, ಬೆಳಗಿಗೆ ಹದಿನಾಲ್ಕು ಕಾಗದ. ಹೋದ ವರ್ಷ ಒಟ್ಟು ಎರಡು ಸಾವಿರದ ಆರುನೂರಕ್ಕೂ ಹೆಚ್ಚು.

ಇವತ್ತಿನ ಮೊದಲ ಕಾಗದ ಮೊಂಟಾನಾದ ಒಬ್ಬ ಹೆಣ್ಣುಮಗಳದು. ಅಜ್ಜ ಈ ರೈಫಲ್ ಕೊಂಡದ್ದು ಮದುವೆಗೆ ಮುಂಚೆಯೋ, ಆಮೇಲೆಯೋ? ಅಜ್ಜಿ ಸಾಯುವವರೆಗೂ ಆ ವಿಷಯಕ್ಕೆ ಜಗಳ ಆಡಿದ್ದಳಂತೆ. ವಾಂಡಾ ಬೆರಳನ್ನು ಸ್ಪಂಜಿಗೆ ಒತ್ತಿ, ಕಾರ್ಡುಗಳನ್ನು ಪಟಪಟನೆ ಸರಿಸಿ ಒಂದನ್ನು ಎಳೆಯುತ್ತಾರೆ. "ಅಕ್ಟೋಬರ್ 1938. ಮದುವೆ ಮೂವತ್ತೊಂಬತ್ತರಲ್ಲಿ. ಪಾಪ, ಆ ಮುದುಕ ನಿಜಾನೇ ಹೇಳಿದ್ದ ನೋಡಿ!" ಎಂದು ಬಾಯಿತುಂಬ ನಗುತ್ತಾರೆ. ಹೀಗೆ ಎಷ್ಟು ಮನೆಗಳ ಜಗಳ ಈ ಕೋಣೆಯಲ್ಲಿ ತೀರ್ಮಾನವಾಗಿದೆಯೋ ಲೆಕ್ಕವಿಲ್ಲ. ಕಾಗದದ ಕೊನೆಗೆ ಮಾತ್ರ ಅವರ ಹೆಸರಿರುವುದಿಲ್ಲ, 'ಲಾಥ್ರಪ್ ದಾಖಲೆ ವಿಭಾಗ' ಎಂದಷ್ಟೇ ಇರುತ್ತದೆ. ಆ ವಿಭಾಗವೆಂದರೆ ವಾಂಡಾ, ಅವರ ಕನ್ನಡಕ ಮತ್ತು ಆ ಒದ್ದೆ ಸ್ಪಂಜು.

ಕಟ್ಟಿನ ತಳದಲ್ಲಿದ್ದ ಒಂದು ಲಕೋಟೆಯನ್ನು ಅವರು ಪಕ್ಕಕ್ಕೆ ಇಡುತ್ತಾರೆ. "ಇದು ಕೊನೇಗೆ," ಎನ್ನುತ್ತಾರೆ. ಏಕೆಂದು ನನಗೂ ಗೊತ್ತು, ನಮ್ಮೂರು ಬೆಥೆಲ್ ಮಿಲ್ಸಿನ ಎಲ್ಲರಿಗೂ ಗೊತ್ತು.

ಈ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟವನು ನಾನು. ಕಾರ್ಖಾನೆಯವರಿಗೂ ರೈಫಲ್ ಸಂಗ್ರಹಕಾರರಿಗೂ ಎಣ್ಣೆ ಸೀಗೆಕಾಯಿ ಸಂಬಂಧವಿದ್ದ ಕಾಲವನ್ನು ಕಣ್ಣಾರೆ ಕಂಡಿದ್ದೇನೆ. ಸಂಗ್ರಹಕಾರರು ಬಿಳಿ ಕೈಗವಸು ಹಾಕಿಕೊಂಡು ಹಳೆಯ ರೈಫಲ್ಲನ್ನು ಮೂಸಿ ನೋಡುತ್ತ, "ಈಗಿನೋರಿಗೆ ಇಂಥದ್ದು ಮಾಡೋಕೆ ಬರಲ್ಲ" ಎನ್ನುತ್ತಿದ್ದರು. ಕಾರ್ಖಾನೆಯವರು ಅವರನ್ನು 'ತುಕ್ಕು ನೆಕ್ಕೋರು' ಎಂದು ಆಡಿಕೊಳ್ಳುತ್ತಿದ್ದರು. ಒಂದೇ ಬೀದಿಯ ಎರಡು ತುದಿಯಲ್ಲಿದ್ದು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಾರ್ಖಾನೆ ಹೊಸ ಮಾಲೀಕರ ಕೈಗೆ ಹೋಯಿತು. ಕಾರ್ಡ್ ಕೋಣೆ ಖಾಲಿ ಮಾಡಿ ಕಸಕ್ಕೆ ಹಾಕಿ ಎಂದು ಆಜ್ಞೆ ಬಂತು. ವಾಂಡಾ ಆಗ ಪ್ಯಾಕಿಂಗ್ ವಿಭಾಗದಲ್ಲಿದ್ದರು, ನಿವೃತ್ತಿಗೆ ಆರು ವಾರ ಉಳಿದಿತ್ತು. ಅವರು ಫೋನ್ ಮಾಡಿದ್ದು ಶತ್ರುಪಾಳಯಕ್ಕೇ. ಲಾಥ್ರಪ್ ಸಂಗ್ರಹಕಾರರ ಸಂಘದ ಅಧ್ಯಕ್ಷ ಲೈಲ್ ಪೆಟಿಬೋನ್ ಆಗ ನಮ್ಮ ಶಾಲೆಯ ಬಸ್ ಓಡಿಸುತ್ತಿದ್ದ.

"ಫೋನ್ ಎತ್ತಿದ ತಕ್ಷಣ ನಮಸ್ಕಾರ ಇಲ್ಲ, ಹೆಸರಿಲ್ಲ," ಎಂದು ಲೈಲ್ ಇಂದಿಗೂ ನೆನೆಯುತ್ತಾನೆ. "'ನಿನ್ ಬಸ್ಸಲ್ಲಿ ಎಷ್ಟು ಸೀಟಿದೆ?' ಅಂದ್ಲು. ನಲವತ್ತೆಂಟು ಅಂದೆ. 'ಹಂಗಾದ್ರೆ ಎರಡು ಸಲ ಬರ್ಬೇಕಾಗುತ್ತೆ, ಈಗ್ಲೇ ಹೊರಡು' ಅಂದ್ಲು."

ಎರಡಲ್ಲ, ಐದು ಸಲ ಓಡಾಡಿ ಒಂದು ಶನಿವಾರ ಮಧ್ಯಾಹ್ನದೊಳಗೆ ಎಲ್ಲ ಸೆಳೆಖಾನೆಗಳೂ ಊರಿನ ಪೋಲೆಂಡ್ ಮೂಲದವರ ಪೋಲಿಷ್ ಕ್ಲಬ್ಬಿನ ನೆಲಮಾಳಿಗೆ ಸೇರಿದವು. ಮುಂದೆ ಕಾರ್ಖಾನೆಗೆ ಮರಿಸಾ ಕಾರ್ಡೋಸೊ ಎಂಬ ಹೊಸ ಮುಖ್ಯಸ್ಥೆ ಬಂದರು. ಕಸವೆಂದು ಎಸೆಯಹೊರಟದ್ದು ಎಂಥ ಆಸ್ತಿ ಎಂದು ಅರ್ಥವಾಗಿ, ತಾವೇ ಕ್ಲಬ್ಬಿಗೆ ನಡೆದು ಬಂದು ವಾಪಸು ಕೇಳಿದರು. ಸಂಘ ಎರಡು ಷರತ್ತು ಹಾಕಿತು: ಕೋಣೆಯ ಕೀಲಿ ವಾಂಡಾ ಕೈಯಲ್ಲಿರಬೇಕು, ಯಾವ ರೈಫಲ್ ಅಸಲಿ, ಯಾವುದು ನಕಲಿ ಎಂಬುದಕ್ಕೆ ಕಾರ್ಡು ಹೇಳಿದ್ದೇ ಕೊನೆಯ ಮಾತಾಗಬೇಕು. ಒಪ್ಪಂದವಾಯಿತು. ಈಗ ಪ್ರತಿ ಜೂನ್‌ನಲ್ಲಿ ಕ್ಲಬ್ಬಿನಲ್ಲಿ ಸಂಘದ ಎರಡು ದಿನದ ಮೇಳ ನಡೆದಾಗ ಕಾರ್ಖಾನೆಯ ಗೇಟು ತೆರೆದಿರುತ್ತದೆ. ಹಳೆಯ ಕೆಲಸಗಾರರು ಬಂದು, ತಾವು ಮಾಡಿದ ರೈಫಲ್ಲುಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ಮುಖ ನೋಡಿದರೆ ಹೊಟ್ಟೆ ತುಂಬುತ್ತದೆ. ಇದಕ್ಕೆಲ್ಲ ಕಾರಣಳಾದ ಹೆಂಗಸು ಆ ಎರಡೂ ದಿನ ಕ್ಲಬ್ಬಿನ ಅಡುಗೆಮನೆಯಲ್ಲಿ ಪಿಯೆರೋಗಿ ಕಡುಬನ್ನು ಬೆಣ್ಣೆಯಲ್ಲಿ ಕರಿಯುತ್ತಿರುತ್ತಾರೆ.

ಈ ಜೂನ್‌ನ ಶನಿವಾರ ಎಲ್ಡನ್ ಹಾಸ್ಕಿನ್ಸ್ ಬಂದ. ವರ್ಮಾಂಟ್‌ನಲ್ಲಿ ಹಾಲಿನ ಲಾರಿ ಓಡಿಸುವವನು, ಮಾತು ಕಡಿಮೆ. ಚಳಿಗಾಲದಲ್ಲಿ ತೀರಿಕೊಂಡ ತಂದೆಯ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. ಲೈಲ್ ಕೈಗವಸು ಹಾಕಿ, ದೀಪದ ಕೆಳಗೆ ನಂಬರ್ ನೋಡಿದ: 84199. ಅವನ ಮುಖ ಬಾಡಿತು. ಆ ನಂಬರಿನ ರೈಫಲ್ ಓಹಾಯೋದಲ್ಲಿದೆ. ಅದು ಅಸಲಿ ಎಂದು ಎರಡು ವರ್ಷದ ಹಿಂದೆ ಕಾರ್ಖಾನೆಯಿಂದಲೇ ಕಾಗದ ಹೋಗಿದೆ.

ಇಂಥ ರೈಫಲ್ಲಿಗೆ ಸಂಗ್ರಹಕಾರರ ಸಂಘದಲ್ಲಿ ಒಂದು ಪದ್ಧತಿಯಿದೆ. ಅದನ್ನು ಉಳಿದವುಗಳ ಜೊತೆ ಇಡುವುದಿಲ್ಲ. ಬಾಗಿಲ ಬಳಿಯ ಕಾಫಿ ಮೇಜಿನ ಮೇಲೆ ಟವೆಲ್ ಮುಚ್ಚಿ ಇಡುತ್ತಾರೆ. ಬಂದವರು ಅದರ ಪಕ್ಕದಲ್ಲೇ ಕಾಫಿ ಬಗ್ಗಿಸಿಕೊಂಡು ಹೋಗುತ್ತಾರೆ. ಕದ್ದ ಮಾಲಿನ ನಂಬರ್ ಉಜ್ಜಿ ಬೇರೆ ನಂಬರ್ ಹೊಡೆದಿದ್ದಾರೆ ಎಂಬುದು ಅದರ ಅರ್ಥ. ತಂದೆಯ ರೈಫಲ್ಲನ್ನು ಅಲ್ಲಿಟ್ಟಾಗ ಎಲ್ಡನ್‌ಗೂ ಅಷ್ಟು ತಿಳಿಯಿತು.

"ನಮ್ಮಪ್ಪ ಇದನ್ನ ಅಂಗಡೀಲಿ ಹೊಸದಾಗಿ ಕೊಂಡಿದ್ದು," ಎಂದ. "ಅವನು ಸುಳ್ಳು ಹೇಳಿದ್ದು ನಾನು ಕೇಳೇ ಇಲ್ಲ. ಹಿಡಿದ ಮೀನಿನ ಉದ್ದ ಒಂದು ಬಿಟ್ಟು."

"ನಿಮ್ಮಪ್ಪನ್ನ ಯಾರೂ ಏನೂ ಅಂತಿಲ್ಲಪ್ಪ," ಎಂದ ಲೈಲ್. "ಅವರಿಗೂ ಯಾರೋ ಟೋಪಿ ಹಾಕಿರ್ಬೇಕು. ಓರೆ ನಾಲ್ಕನ್ನೂ ಎಷ್ಟು ಚೆನ್ನಾಗಿ ನಕಲು ಮಾಡಿದಾರೆ ನೋಡು."

ಓರೆ ನಾಲ್ಕೆಂದರೆ ಸಂಗ್ರಹಕಾರರಿಗೆ ಪಂಚಪ್ರಾಣ. 1966 ಮತ್ತು 67ರ ಲಾಥ್ರಪ್ ರೈಫಲ್ಲುಗಳಲ್ಲಿ 4 ಎಂಬ ಅಂಕಿ ಎಡಕ್ಕೆ ಕೊಂಚ ವಾಲಿರುತ್ತದೆ. ಅಚ್ಚು ಸವೆದದ್ದೇ ಅದಕ್ಕೆ ಕಾರಣವೆಂದು ಸಂಘದ ಪತ್ರಿಕೆಯಲ್ಲಿ ಲೈಲ್ ನಾಲ್ಕು ಪುಟದ ಲೇಖನ ಬರೆದಿದ್ದಾನೆ. ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ಕೇಳುತ್ತಿದ್ದ ವಾಂಡಾ ಬಾಣಲೆಯನ್ನು ಒಲೆಯಿಂದ ಇಳಿಸಿಬಿಟ್ಟರು.

ಮರುದಿನ ಐದು ಗಂಟೆಗೇ ಕಾರ್ಡ್ ಕೋಣೆಗೆ ಹೋಗಿ ಅವರು ತೆಗೆದದ್ದು 84199 ಅಲ್ಲ, 84196. ಆ ರೈಫಲ್ಲನ್ನು ಈವರೆಗೆ ಯಾರೂ ನೋಡಿಲ್ಲ. ಕಾರ್ಡಿನಲ್ಲಿದ್ದದ್ದು ಡನ್‌ಮೋರ್ ಕಾರ್ನರ್ಸ್‌ನ ಕಬ್ಬಿಣದ ಸಾಮಾನಿನ ಅಂಗಡಿ, ವರ್ಮಾಂಟ್. ಎಲ್ಡನ್‌ನ ಊರು. ಅದನ್ನು ಹಿಡಿದುಕೊಂಡು ಮರಿಸಾ ಮನೆಗೆ ಹೋಗಿ ಬಾಗಿಲು ತಟ್ಟಿದರು.

"ಮಿಸೆಸ್ ಗ್ರೊಡ್ಸ್ಕಿ, ನಾನು ಗಾಬರಿಯಾಗಿದ್ದು ನಿಜ," ಎಂದು ಮರಿಸಾ ಒಪ್ಪಿಕೊಳ್ಳುತ್ತಾರೆ. ಅವರೂ ಈಗ ಕಾರ್ಡ್ ಕೋಣೆಗೆ ಬಂದಿದ್ದಾರೆ, ನಾವು ಮಾತಾಡುತ್ತಿರುವುದು ವಾಂಡಾ ಎದುರಿಗೇ. "ಒಂದು ನಂಬರ್ ಎರಡು ಸಲ ಬಂದಿದೆ ಅಂದ್ರೆ, ಮಿಕ್ಕ ಕಾರ್ಡುಗಳನ್ನ ಯಾರು ನಂಬ್ತಾರೆ? ಮೇಲಿನೋರು ಕೋಣೆಗೇ ಬೀಗ ಹಾಕಿದ್ರೆ? ಒಂದು ದಿನ ತಡೀರಿ, ಕೇಳಿ ಹೇಳ್ತೀನಿ ಅಂದೆ."

"ನಾನು ಆಗ್ಲೇ ಹದಿನೆಂಟನೇ ವಯಸ್ಸಿಂದ ಇವತ್ತಿನವರೆಗೂ ತಡೆದಿದೀನಿ ಹುಡುಗಿ ಅಂದೆ," ಎನ್ನುತ್ತಾರೆ ವಾಂಡಾ. "ಆ ಹಾಲಿನ ಹುಡುಗ ಹತ್ತು ಗಂಟೆಗೆ ಹೊರಡ್ತಿದ್ದ. ಅಪ್ಪನ ಹೆಸರು ಕಾಫಿ ಮೇಜಿನ ಮೇಲೆ ಬಿಟ್ಟು ಹೋಗ್ಬೇಕಿತ್ತಾ ಅವನು?"

ಒಂಬತ್ತೂವರೆಗೆ ಏಪ್ರನ್ ಕಟ್ಟಿಕೊಂಡೇ ಅವರು ಕ್ಲಬ್ಬಿನ ಸಭಾಂಗಣಕ್ಕೆ ಬಂದರು. ಮುನ್ನೂರು ಜನ ಇದ್ದರು, ನಾನೂ ಇದ್ದೆ.

"ವಾಂಡಾ, ಪಿಯೆರೋಗಿ ಆಯ್ತಾ?" ಎಂದು ಕೂಗಿದ ಲೈಲ್.

"ಆಗಿಲ್ಲ. ಕೂತ್ಕೋ."

ಕಾಫಿ ಮೇಜಿನ ಪಕ್ಕ ನಿಂತು ಅವರು ಹೇಳತೊಡಗಿದರು. 1966 ಮತ್ತು 67ರಲ್ಲಿ ರೈಫಲ್ಲಿನ ಉಕ್ಕಿನ ಮೈಮೇಲೆ ಸುತ್ತಿಗೆಯಿಂದ ನಂಬರ್ ಹೊಡೆಯುತ್ತಿದ್ದವಳು ತಾನು. ತಪ್ಪಾದದ್ದು ಕೆಲಸಕ್ಕೆ ಸೇರಿದ ಎರಡನೆಯ ವಾರ. ಅಚ್ಚಿನ ಪೆಟ್ಟಿಗೆಯಲ್ಲಿ 6 ಮತ್ತು 9ಕ್ಕೆ ಬೇರೆ ಬೇರೆ ಅಚ್ಚಿರಲಿಲ್ಲ, ಒಂದನ್ನೇ ತಲೆಕೆಳಗು ಮಾಡಿ ಹೊಡೆಯಬೇಕು. 84196 ಹೊಡೆಯುವಾಗ 9 ಹೊಡೆದ ಅಚ್ಚು ಕೈಯಲ್ಲೇ ಇತ್ತು. ತಿರುಗಿಸಲು ಮರೆತು ಹಾಗೆಯೇ ಇನ್ನೊಮ್ಮೆ ಹೊಡೆದಿದ್ದರು. ಮೂರು ರೈಫಲ್ ಕಳೆದು ನಿಜವಾದ 84199 ಕೈಗೆ ಬಂದಾಗಲೇ ತಪ್ಪು ತಿಳಿದದ್ದು. ಅಷ್ಟರಲ್ಲಿ ಮೊದಲನೆಯದು ಉಕ್ಕಿಗೆ ತುಕ್ಕು ಹಿಡಿಯದಂತೆ ಹಾಕುವ ನೀಲಿ ಬಣ್ಣದ ತೊಟ್ಟಿಗೆ ಇಳಿದಿತ್ತು, ಇನ್ನು ತಿದ್ದುವಂತಿರಲಿಲ್ಲ.

"ಹಿಂದಿನ ವಾರವೇ ಒಬ್ಬಳನ್ನ ಇಂಥದೇ ತಪ್ಪಿಗೆ ಮನೆಗೆ ಕಳ್ಸಿದ್ರು," ಎಂದರು. "ಮನೇಲಿ ಅಮ್ಮ ಹಾಸಿಗೆ ಹಿಡಿದಿದ್ಲು. ಬಾಯ್ಮುಚ್ಕೊಂಡೆ. ಎರಡು ವರ್ಷದ ಹಿಂದೆ ಓಹಾಯೋಗೆ ಕಾಗದ ಬರೆದವಳೂ ನಾನೇ. ಆಗ್ಲೂ ಬಾಯ್ಮುಚ್ಕೊಂಡೆ. ಇವತ್ತು ಆಗಲ್ಲ."

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಒಬ್ಬ, "ವಯಸ್ಸಾಗಿದೆ, ಏನೋ ನೆನಪು," ಎಂದದ್ದು ನನ್ನ ಕಿವಿಗೂ ಬಿತ್ತು, ವಾಂಡಾ ಕಿವಿಗೂ ಬಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ಮರಿಸಾ ಒಳಬಂದರು. ಕೈಯಲ್ಲಿ ಕಾರ್ಖಾನೆಯ ಮುಂಬಾಗಿಲ ಗಾಜಿನ ಕಪಾಟಿನಲ್ಲಿದ್ದ ಹಳೆಯ ಅಚ್ಚಿನ ಪೆಟ್ಟಿಗೆ, ಒಂದು ಸುತ್ತಿಗೆ ಮತ್ತು ಉಕ್ಕಿನ ತುಂಡು. ಮೇಲಿನ ಮಾಲೀಕರನ್ನು ಅವರಿನ್ನೂ ಕೇಳಿರಲಿಲ್ಲ.

ವಾಂಡಾ ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡರು. ಐದು ಪೆಟ್ಟು. ಲೈಲ್ ಉಕ್ಕಿನ ತುಂಡನ್ನು ದೀಪದ ಕೆಳಗೆ ಹಿಡಿದ. 8, 4, 1, 9, 9. ನಾಲ್ಕು ಎಡಕ್ಕೆ ವಾಲಿತ್ತು.

"ಅಚ್ಚು ಸವೆದಿದ್ದಲ್ಲ," ಎಂದ ಮೆಲ್ಲಗೆ. "ಎಡಗೈ."

"ಹೂಂ."

"ಹಂಗಾದ್ರೆ ನನ್ನ ನಾಲ್ಕು ಪುಟ?"

"ಪಿಯೆರೋಗಿ ತಟ್ಟೆ ಕೆಳಗೆ ಹಾಸ್ಕೋ. ಬೆಣ್ಣೆ ಹೀರುತ್ತೆ."

ನಕ್ಕ ನಗೆಗೆ ಕಿಟಕಿ ಗಾಜು ಅದುರಿತು. ಲೈಲ್ ಮಾತ್ರ ನಗಲಿಲ್ಲ. ಕೈಗವಸು ಹಾಕಿಕೊಂಡು ಟವೆಲ್ ಸರಿಸಿ, ಎಲ್ಡನ್ ತಂದೆಯ ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಸಭಾಂಗಣದ ಉದ್ದಕ್ಕೂ ನಡೆದು ಮೊದಲ ಮೇಜಿನ ಮೇಲೆ ಇಟ್ಟ. ಮುನ್ನೂರು ಜನ ಎದ್ದು ದಾರಿ ಬಿಟ್ಟರು. ಎಲ್ಡನ್ ವಾಂಡಾ ಬಳಿ ಬಂದ. ಹಿಟ್ಟು ಮೆತ್ತಿದ ಆ ಕೈ ಹಿಡಿದುಕೊಂಡ. ನನ್ನ ಕಣ್ಣಲ್ಲೂ ನೀರಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮೇಲಿನವರು ಮಾತ್ರ ನಾಲ್ಕು ತಿಂಗಳು ಕೂತು ಯೋಚಿಸಿದರು. ಕೋಣೆ ಇರುತ್ತದೋ ಮುಚ್ಚುತ್ತದೋ ಎಂದು ಊರೇ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಸಂಘದ ಆರುನೂರು ಸದಸ್ಯರು ಕಾಗದ ಹಾಕಿದರು: ತಪ್ಪನ್ನು ತಪ್ಪೆಂದು ಹೇಳುವ ಕೋಣೆಯನ್ನು ನಾವು ನಂಬುತ್ತೇವೆ, ಮುಚ್ಚಬೇಡಿ. ಆ ಪೈಕಿ ಒಂದು ಕಾಗದ ಓಹಾಯೋದಿಂದಲೂ ಬಂದಿತ್ತು. ನಿನ್ನೆ ಉತ್ತರ ಬಂದಿದೆ. ಕೋಣೆ ಉಳಿದಿದೆ, ಒಪ್ಪಂದ ಇನ್ನೂ ಹತ್ತು ವರ್ಷ ಮುಂದುವರಿದಿದೆ. ವಾಂಡಾ ಆ ಸುದ್ದಿ ಕೇಳಿ ಮಾಡಿದ ಮೊದಲ ಕೆಲಸವೆಂದರೆ ಹೊಸ ಸ್ಪಂಜು ತಂದದ್ದು.

ಈ ಕೈಗಳ ಋಣ ನಮ್ಮೂರಿನ ಮೇಲಿದೆ. ಬೀದಿಯ ಎರಡು ತುದಿ ಸೇರಿಸಿದ್ದು ಯಾವ ದೊಡ್ಡ ಮನುಷ್ಯನೂ ಅಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. "ಆ ಬಾಗ್ಲಿಗೆ ಎಣ್ಣೆ," ಎನ್ನುತ್ತಾರೆ ತಲೆಯೆತ್ತದೆ.

ಗಂಟೆ ಎಂಟಾಗಿದೆ. ಹದಿಮೂರು ಉತ್ತರ ಮುಗಿದಿವೆ. ವಾಂಡಾ ಪಕ್ಕಕ್ಕಿಟ್ಟಿದ್ದ ಲಕೋಟೆ ಬಿಚ್ಚುತ್ತಾರೆ. ಎಲ್ಡನ್ ಹಾಸ್ಕಿನ್ಸ್ ಜೂನ್‌ನಲ್ಲೇ ಕಳಿಸಿದ್ದ ಅರ್ಜಿ. ಅದಕ್ಕೆ ಉತ್ತರ ಬರೆಯಲು ನಿನ್ನೆಯಷ್ಟೇ ಅಪ್ಪಣೆ ಸಿಕ್ಕಿದೆ. ನಿಧಾನವಾಗಿ ಟೈಪ್ ಮಾಡುತ್ತಾರೆ: ನಿಮ್ಮ ತಂದೆಯ ರೈಫಲ್ ಅಸಲಿ. 1966ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಡನ್‌ಮೋರ್ ಕಾರ್ನರ್ಸ್‌ನ ಅಂಗಡಿಗೆ ಹೋಗಿದೆ. ಅದರ ನಿಜವಾದ ನಂಬರ್ 84196. ತಪ್ಪು ಕಾರ್ಖಾನೆಯದು, ನಿಮ್ಮ ತಂದೆಯದಲ್ಲ.

ಮತ್ತೊಮ್ಮೆ ಓದಿ, 'ಕಾರ್ಖಾನೆಯದು' ಎಂಬುದನ್ನು ಹೊಡೆದು 'ನನ್ನದು' ಎಂದು ಮಾಡುತ್ತಾರೆ.

ಈ ಕಾಗದಕ್ಕೆ ಅವರೇ ಸಹಿ ಮಾಡಬೇಕೆಂದು ಮರಿಸಾ ಕಟ್ಟಪ್ಪಣೆ ಮಾಡಿದ್ದಾರೆ. ಹೆಸರಿನ ಕೆಳಗೆ 'ಮುಖ್ಯಸ್ಥೆ, ದಾಖಲೆ ವಿಭಾಗ' ಎಂದು ಹಾಕಬೇಕಂತೆ. ವಾಂಡಾ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಲಾಥ್ರಪ್ ಕಾಗದದ ಮೇಲೆ ತಮ್ಮ ಹೆಸರು ಬರೆಯುತ್ತಾರೆ. ಮುಖ್ಯಸ್ಥೆ ಎಂದು ಬರೆಯುವುದಿಲ್ಲ. ಹೆಸರಿನ ಕೆಳಗೆ, ಎಡಕ್ಕೆ ವಾಲಿದ ಅಕ್ಷರದಲ್ಲಿ, ಬರೆಯುವುದು ಇಷ್ಟೇ: ನಂಬರ್ ಹೊಡೆದವಳು.