ಕರೆಂಟು ಬಿಡದ ತಂತಿ

೧೯೭೧ರಲ್ಲಿ, ಎಂಟನೇ ಕ್ಲಾಸಿಗೆ ನನ್ನ ಓದು ನಿಂತಿತು. ಆಮೇಲೆ ಮರಗೆಲಸ ಕಲಿತು, ಯಾರ ಮುಂದೆಯೂ ಕೈಯೊಡ್ಡದೆ ಹೊಸನಗರದ ಹತ್ತಿರ ಸ್ವಂತ ಮನೆ ಕಟ್ಟಿದವನು ನಾನು. ಕಣ್ಣಿಗೆ ಕಾಣದ್ದನ್ನು ನಂಬುವ ಪೈಕಿಯಲ್ಲ. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮನೆ ಒಕ್ಕಲಾದ ವರ್ಷವೇ ಹಿತ್ತಿಲ ಪಕ್ಕದಲ್ಲಿ ಹೈಟೆನ್ಷನ್ ಲೈನು ಎಳೆದರು. ತಂತಿ ಮೇಲೇರಿದ ವಾರದಲ್ಲೇ ಹೆಂಡತಿ ಗಿರಿಜೆಗೆ ತಲೆಶೂಲೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಸಿಡಿಲು ಬಂದರೆ, ಕಬ್ಬಿಣ ಅದನ್ನು ಎಳೆದುಕೊಳ್ಳಲಿ ಎಂದು ಅಂಗಳಕ್ಕೆ ಕತ್ತಿ ಎಸೆಯುವುದು ನಮ್ಮ ಕಡೆಯ ರೂಢಿ. ಅವಳು ದಿನಾ ಸಂಜೆ ತಂತಿಯ ಕೆಳಗೆ ಕತ್ತಿ ಇಡತೊಡಗಿದಳು. ನಾನು ಗೇಲಿ ಮಾಡಿದೆ. ಆದರೆ ಸ್ವಲ್ಪ ದಿನದಲ್ಲೇ, ಹಿತ್ತಿಲಲ್ಲಿ ಉಳಿ ಹಿಡಿದರೆ ನನ್ನ ಅಂಗೈಯೂ ಜುಮ್ಮೆನ್ನತೊಡಗಿತು. ಅವಳಿಗೆ ಹೇಳಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವಳು ಬಟ್ಟೆ ಗಂಟು ಕಟ್ಟಿದಳು. "ನೀವು ಕಟ್ಟಿದ ಮನೇಲಿ ನೀವೇ ಇರಿ. ನಾನು ಬ್ಯಾಕೋಡಿಗೆ, ಅಮ್ಮನ ಮನೆಗೆ ಹೋಗ್ತೀನಿ."

ಸಂಜೆತನಕ ತಡೆ ಎಂದು ಹೇಳಿ, ಲೈನು ಬದಲಿಸಿ ಎಂದು ಜಗಳವಾಡಲು ಸಾಗರದ ಬಸ್ಸು ಹತ್ತಿದೆ. ಅಲ್ಲಿನ ಕರೆಂಟು ಆಫೀಸಿನಲ್ಲಿ ಲೈನಿನ ಮೇಸ್ತ್ರಿಗೆ ನನ್ನ ಅಂಗೈಯನ್ನೇ ಸಾಕ್ಷಿಯಾಗಿ ತೋರಿಸಿದೆ. ಅವನು ಬೀಡಿ ತೆಗೆದು ನಕ್ಕ. "ಮಾರಾಯ, ಆ ತಂತಿಗಿನ್ನೂ ಕರೆಂಟೇ ಬಿಟ್ಟಿಲ್ಲ."

ಅವಮಾನ ನುಂಗಿಕೊಂಡು ಮನೆಗೆ ಬಂದು ಎಲ್ಲ ಹೇಳಿದೆ. "ಹಾಗಾದ್ರೆ ನಿಮ್ಮ ಕೈಗೆ ಎಂತ ಹಿಡ್ದಿತ್ತು?" ಎಂದು ಗಿರಿಜೆ ಬಿದ್ದು ಬಿದ್ದು ನಕ್ಕಳು. ಅಂದೇ ಗಂಟು ಬಿಚ್ಚಿದಳು. ಗುಂಯ್ ಎನ್ನುತ್ತಿದ್ದದ್ದು ಗಾಳಿಗೆ ಅಲುಗುವ ತಂತಿ. ಅಡುಗೆಮನೆಯಲ್ಲಿ ಹೊಗೆ ನಿಲ್ಲುತ್ತಿತ್ತು, ಹೊಸ ಬಾಗಿಲುಗಳ ವಾರ್ನಿಷ್ ವಾಸನೆ ಬೇರೆ. ಮಾಡಿನ ಹಂಚು ಸರಿಸಿ ಹೊಗೆಗೆ ದಾರಿ ಮಾಡಿದೆ. ಅವಳ ತಲೆಶೂಲೆ ಇಳಿಯಿತು, ನನ್ನ ಅಂಗೈಯೂ ಸುಮ್ಮನಾಯಿತು.

ಇಲ್ಲಿಗೇ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ.

ಮುಂದೆ ಒಂದು ದಿನ, ಸೋಮವಾರ ಕರೆಂಟು ಬಿಡುತ್ತೇವೆಂದು ಊರಲ್ಲಿ ಸಾರಿ ಹೋದರು. ಅವಳಿಗೆ ಮತ್ತೆ ಶುರುವಾದರೆ ಎಂಬ ಹೆದರಿಕೆ ನನಗೆ. ಅದಕ್ಕೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಒಂದೆಲೆಯೂ ಅಲ್ಲಾಡದ ಬಿಸಿಲಲ್ಲಿ ಬಟ್ಟೆ ಹರವುತ್ತಿದ್ದ ಗಿರಿಜೆ ತಟ್ಟನೆ ನಿಂತಳು.

"ಈಗ ಬಂತು," ಎಂದಳು.

ಓಡಿಹೋಗಿ ತಂತಿಯ ಕೆಳಗೆ ಅಂಗೈ ಚಾಚಿ ನಿಂತೆ. ನನಗೇನೂ ಆಗಲಿಲ್ಲ. ತಲೆ ನೋಯುತ್ತಾ ಎಂದು ಕೇಳಿದೆ.

"ಇಲ್ಲಪ್ಪ. ಬಂತು, ಅಷ್ಟೆ," ಎಂದವಳು ಮತ್ತೊಂದು ಸೀರೆ ಕೊಡವಿದಳು.

ವಾರ ಕಳೆದು ಸಿಕ್ಕ ಮೇಸ್ತ್ರಿ, ಶನಿವಾರ ಮಧ್ಯಾಹ್ನವೇ ಒಂದು ಗಳಿಗೆ ಕರೆಂಟು ಬಿಟ್ಟು ನೋಡಿದ್ದೆವು, ಯಾರಿಗೂ ಹೇಳಿರಲಿಲ್ಲ ಎಂದ. ಇಲ್ಲದ ಕರೆಂಟಿಗೆ ನರಳಿದವಳು, ಇದ್ದ ಕರೆಂಟನ್ನು ನೆಂಟರು ಬಂದರು ಎನ್ನುವಷ್ಟೇ ಸಲೀಸಾಗಿ ಹೇಳಿದ್ದು ಹೇಗೆ? ನನಗೆ ಇವತ್ತಿಗೂ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ತಲೆಶೂಲೆ ಮಾತ್ರ ಮತ್ತೆ ಬರಲಿಲ್ಲ.

ಈಗ ಅದೇ ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಒಂದು ಎಮ್ಮೆ, ಕೊಟ್ಟಿಗೆಯ ಪಕ್ಕ ಮರಗೆಲಸದ ಮೂರು ಬೆಂಚು.