ಹತ್ತು ಜನ ಆದರೆ ಶೋ

ಆಗದ ಮಾತು ಅಂದವಳು ನಮ್ಮ ಅತ್ತೆ. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಪಕ್ಕದ ಪುಟ್ಟ ಮನೆಯಲ್ಲಿ ಇದ್ದಾಳೆ. ಮಲಗುವುದು ಅಲ್ಲಿ, ಮಿಕ್ಕ ಹೊತ್ತೆಲ್ಲ ನಮ್ಮ ಮನೆಯ ಟಿವಿ ಮುಂದೆ. ಬಿ.ಎ. ಕೊನೆಯ ವರ್ಷದಲ್ಲಿ ನಾನು, ಪತ್ರಿಕೋದ್ಯಮದ ಮೇಡಂ ಸಿನಿಮಾ ನೋಡಿ ವರದಿ ಬರೆಯಲು ಹೇಳಿದ್ದಾರೆ, ಥಿಯೇಟರಿಗೆ ಹೋಗಬೇಕು ಎಂದು ಅಪ್ಪನನ್ನು ಕೇಳಿದೆ. ಅಪ್ಪ ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟಾಗಿತ್ತು.

"ಸಿನಿಮಾ ನೋಡಿದ್ರೆ ಡಿಗ್ರಿ ಕೊಡ್ತಾರಾ? ಅಂಗಾದ್ರೆ ನಂಗೆ ಇಷ್ಟೊತ್ಗೆ ಎಲ್ಡು ಕೊಡ್ಬೇಕಾಗಿತ್ತು. ಈ ಮನೇಲಿ ಡಿಗ್ರಿ ಆಗೋ ಮಾತಲ್ಲ ಬುಡು. ನಮ್ಮೋರಲ್ಲಿ ಅತ್ತನೇ ಕ್ಲಾಸ್ ದಾಟಿದೋರು ಯಾರವ್ರೆ ಏಳು ನೋಡಾನ?"

ಯಾರೂ ಇರಲಿಲ್ಲ. ಅಪ್ಪ ಒಂಬತ್ತಕ್ಕೆ ಬಿಟ್ಟವನು, ಅವ್ವ ಐದಕ್ಕೆ. ಅತ್ತೆ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ನಾನು ಹತ್ತು ದಾಟಿ, ಪಿಯುಸಿ ದಾಟಿ, ಶಾಂತಿಗ್ರಾಮದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಅಲ್ಲಿಯವರೆಗೆ ಬಂದಿದ್ದೆ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಮೇಡಂ ಹೇಳಿದ ಕೆಲಸ ಕೇಳುವುದಕ್ಕೆ ಸುಲಭ. ಒಂದು ಸಿನಿಮಾ ಥಿಯೇಟರಿನಲ್ಲಿ ನೋಡಬೇಕು, ಒಂದು ಮನೆಯಲ್ಲಿ. ಎರಡನ್ನೂ ಮೊದಲಿನಿಂದ ಕೊನೆಯವರೆಗೆ. "ಕಥೆ ಬರೀಬೇಡಿ. ಕಥೆ ಫೋನಲ್ಲಿ ಸಿಗುತ್ತೆ. ನೀವು ಹೇಗೆ ನೋಡಿದ್ರಿ ಅದನ್ನ ಬರೀರಿ" ಅಂದಿದ್ದರು. ವರದಿ ಕೊಟ್ಟ ಮೇಲೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಮಾತಾಡಬೇಕು. ಅದಿಲ್ಲದೆ ಪೇಪರ್ ಪಾಸಾಗುವುದಿಲ್ಲ. ಒಂದು ಪೇಪರ್ ಉಳಿದರೆ ಮುಂದಿನ ವರ್ಷ ಕಟ್ಟಿಕೋ ಅನ್ನುವ ಮನೆ ನಮ್ಮದಲ್ಲ. ಉಳಿದರೆ ಉಳಿಯಿತು, ಗಂಡಿನ ಕಡೆಯವರಿಗೆ ಬರಹೇಳುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಒಂದು ಪೇಪರ್ ಉಳಿದ ಚಿಕ್ಕಪ್ಪನ ಮಗಳಿಗೆ ಹಾಗೇ ಆಗಿತ್ತು. ಅದು ನನಗೂ ಗೊತ್ತು, ಅತ್ತೆಗೂ ಗೊತ್ತು.

ಹಾಸನದಲ್ಲಿ ಓಡುತ್ತಿದ್ದ ಒಂದು ಸಿನಿಮಾದ ಹೆಸರನ್ನು ಮೇಡಂ ಹತ್ತಿರ ಬರೆಸಿದೆ. ಒಮ್ಮೆ ಬರೆಸಿದರೆ ಬದಲಿಸುವಂತಿಲ್ಲ. ಬೋರ್‌ವೆಲ್ ಲಾರಿಯ ಡ್ರೈವರ್ ಒಬ್ಬ ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಊರೂರು ಅಲೆಯುವ ಸಿನಿಮಾ. ಹೊರಡುವ ದಿನ ನೋಡಿದರೆ ಅತ್ತೆ ನನಗಿಂತ ಮೊದಲು ತಯಾರಾಗಿ ಜಗಲಿಯಲ್ಲಿ ಕೂತಿದ್ದಳು.

"ಹೆಣ್ಮಗ ಒಬ್ಳೇ ಟಾಕೀಸ್ಗೋದ್ರೆ ಊರೋರು ಏನಂದಾರು? ನಾನೂ ಬತ್ತೀನಿ. ಎಂಗೂ ಬಸ್ ಫ್ರೀ."

ಮ್ಯಾಟಿನಿ. ಥಿಯೇಟರ್ ಅರ್ಧಕ್ಕೂ ಹೆಚ್ಚು ತುಂಬಿತ್ತು. ಸಿನಿಮಾ ಶುರುವಾಯಿತು, ಅತ್ತೆಯೂ ಶುರುವಾದಳು.

"ಇವ್ನು ಒಳ್ಳೇವ್ನಾ, ಕೆಟ್ಟೋನಾ?"

"ಈಗ ತಾನೆ ಬಂದ ಅತ್ತೆ. ನನಗೆ ಹೆಂಗೆ ಗೊತ್ತಾಗುತ್ತೆ?"

"ಮಕ ನೋಡಿದ್ರೆ ಗೊತ್ತಾಗಲ್ವಾ? ಕೆಟ್ಟೋನು. ಬರ್ಕೊ."

ಹಿಂದಿನ ಸಾಲಿನವನು ಮೊದಲೇ ಒಂದು ಸಲ ನೋಡಿದ್ದನೋ ಏನೋ, ಪ್ರತಿ ಮಾತನ್ನೂ ಪರದೆಗಿಂತ ಮುಂಚೆ ತಾನೇ ಹೇಳುತ್ತಿದ್ದ. ಅವನ ಮೊಣಕಾಲು ನನ್ನ ಬೆನ್ನಿಗೆ. ಮುಂದಿನ ಸಾಲಿನವನು ಹೀರೋ ಬಂದ ಕೂಡಲೇ ಫೋನು ಎತ್ತಿ ಹಿಡಿದ. ನಾನು ಹೀರೋನನ್ನು ನೋಡಿದ್ದು ಅವನ ಫೋನಿನೊಳಗೆ, ಅಂಗೈಯಷ್ಟು ಗಾತ್ರದಲ್ಲಿ. ಲಾರಿ ಸ್ಟಾರ್ಟ್ ಆದರೆ ಎದೆಯೊಳಗೆ ಏನೋ ಅಲ್ಲಾಡಿದ ಹಾಗೆ ಸದ್ದು. ಮಾತು ಮಾತ್ರ ಕೇಳುತ್ತಿರಲಿಲ್ಲ. ಯಾವುದೋ ಮಗು ಅತ್ತಿತು, ಅದರ ಅಪ್ಪ ಅದಕ್ಕೆ ಫೋನಿನಲ್ಲಿ ಬೇರೆ ಹಾಡು ಹಾಕಿಕೊಟ್ಟ. ಮನೆಯಲ್ಲಿ ಇದ್ದಿದ್ದರೆ ಇಲ್ಲಿ ನಿಲ್ಲಿಸಬಹುದಿತ್ತು, ಇಲ್ಲಿ ಹಿಂದಕ್ಕೆ ಹೋಗಬಹುದಿತ್ತು ಎಂದು ನನ್ನ ಬೆರಳುಗಳು ಸುಮ್ಮನೆ ಆಡುತ್ತಿದ್ದವು.

ಕೊನೆಗೆ ಅಣ್ಣನಿಗೆ ವಿಳಾಸ ಸಿಕ್ಕಿತು. ಒಂದು ಕಟ್ಟಡದ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತ. ಆಗ ಅತ್ತೆ ಎದ್ದಳು.

"ಏಳು, ಬಸ್ ಓಯ್ತದೆ."

ಶಾಂತಿಗ್ರಾಮದಿಂದ ನಮ್ಮ ಊರಿಗೆ ಒಳಗೆ ಹೋಗುವುದು ಸಂಜೆ ಒಂದೇ ಬಸ್ಸು.

"ಅತ್ತೆ, ಇನ್ನು ಹತ್ತೇ ನಿಮಿಷ."

"ನಿಂಗೆ ಅತ್ತು ನಿಮ್ಸ. ಅಲ್ಲಿ ಅಸಕ್ಕೆ ಕೆಚ್ಲು ಬಿಗ್ದಿರ್ತದೆ. ಡೈರಿಯೋರು ನಿನ್ ಸಿನಿಮಾ ಮುಗೀಲಿ ಅಂತ ಕಾಯ್ತಾರಾ? ಏಳೇ."

ಸಾಲಿನವರ ಕಾಲುಗಳನ್ನೆಲ್ಲ ತುಳಿದುಕೊಂಡು ಹೊರಗೆ ಬಂದೆವು. ಬಸ್ಸಿನಲ್ಲಿ ಸೀಟು ಸಿಕ್ಕಿ ಕೂತ ಮೇಲೆ ಕೇಳುತ್ತಾಳೆ, "ಆ ತಂಗಿ ಸಿಗ್ತಾಳೇನೆ?" ನಾನು ಸಿನಿಮಾ ಟಿಕೆಟನ್ನು ಪುಸ್ತಕದೊಳಗೆ ಇಟ್ಟು ಕಿಟಕಿಯ ಕಡೆಗೆ ತಿರುಗಿದೆ.

ಮನೆಯ ಸಿನಿಮಾವನ್ನಾದರೂ ಸರಿಯಾಗಿ ನೋಡೋಣ ಎಂದು ಒಂದು ಭಾನುವಾರ ಫೋನನ್ನು ಟಿವಿಗೆ ಸೇರಿಸಿ ಹಳೆಯದೊಂದನ್ನು ಹಾಕಿದೆ. ಹೆಸರು ಬೀಳುತ್ತಿದ್ದಂತೆಯೇ ಅವ್ವ, "ನಿಲ್ಸಿರವ್ವ, ಒಗ್ಗರಣೆ ಹಾಕ್ಬುಟ್ ಬತ್ತೀನಿ" ಅಂದಳು. ನಿಲ್ಲಿಸಿದೆ. ಒಗ್ಗರಣೆ ಮುಗಿದು ಮಿಕ್ಸಿ ಶುರುವಾಯಿತು. ಅಪ್ಪ ಚಾಪೆಯ ಮೇಲೆ ಉರುಳಿಕೊಂಡು, ಹಾಡು ಬಂದಾಗಲೆಲ್ಲ "ಮುಂದುಕ್ ಓಡ್ಸು, ಮುಂದುಕ್ ಓಡ್ಸು" ಅಂದ. ಆಮೇಲೆ ನಿದ್ದೆ ಮಾಡಿದ. ಎದ್ದು, "ಎಲ್ಲಿಗ್ ಬಂತು? ಇವ್ರಿಬ್ರಿಗೂ ಮದ್ವೆ ಯಾವಾಗಾತು?" ಎಂದು ಕೇಳಿದ. ಮದುವೆ ಆಗಿದ್ದು ಅವನು ಓಡಿಸಿದ ಹಾಡಿನಲ್ಲಿ. ಎದುರು ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದವಳು ಹಾಗೇ ಕೂತಳು. ಅವಳಿಗೆ ಅತ್ತೆ ಮೊದಲಿನಿಂದ ಕಥೆ ಹೇಳಿದಳು, ಅದೂ ಸಿನಿಮಾದಲ್ಲಿ ಇಲ್ಲದ ಕಥೆಯನ್ನು. ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಯಿತು, ರಿಮೋಟು ಅತ್ತೆಯ ಕೈಗೆ ಹೋಯಿತು. ಆಮೇಲೆ ಕರೆಂಟು ಹೋಯಿತು. ಎರಡು ಗಂಟೆಯ ಸಿನಿಮಾ ಮುಗಿದದ್ದು ಬುಧವಾರ.

ಬೇರೆಯವರನ್ನೇ ಏಕೆ ಅನ್ನಲಿ? ಸೋಮವಾರ ಮನೆಯಲ್ಲಿ ಯಾರೂ ಇಲ್ಲದಾಗ ಒಬ್ಬಳೇ ಕೂತೆ. ಆಗಲೂ ಎರಡು ಸಲ ನಿಲ್ಲಿಸಿದೆ. ಒಂದು ಸಲ ನೀರು ಕುಡಿಯಲು, ಇನ್ನೊಂದು ಸಲ ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ. ನಿಲ್ಲಿಸಬಹುದು ಎಂದು ಗೊತ್ತಿದ್ದರೆ ಸಾಕು, ಏನೋ ಒಂದು ನೆಪ ಹುಟ್ಟುತ್ತದೆ. ಥಿಯೇಟರಿನಲ್ಲಿ ಮನೆಯನ್ನು ನೆನೆದೆ, ಮನೆಯಲ್ಲಿ ಥಿಯೇಟರನ್ನು ನೆನೆದೆ. ಎರಡು ಕಡೆಯೂ ನನ್ನ ಮನಸ್ಸು ನಿಲ್ಲಲಿಲ್ಲ.

ಇನ್ನೊಂದು ವಾರ ಕಳೆದು ವರದಿ ಕೊಡುವ ದಿನ ಹತ್ತಿರ ಬಂತು. ಅರಕಲಗೂಡಿನಿಂದ ಬರುತ್ತಿದ್ದ ನನ್ನ ಗೆಳತಿ ಅಂದಳು, "ಟಿಕೆಟ್ ಐತಲ್ಲ, ಅಂಟ್ಸು. ಕೊನೆ ಏನಾತು ಅಂತ ನಾ ಏಳ್ತೀನಿ, ಬರ್ಕೊ." ನಾನು ಕಿವಿ ಮುಚ್ಚಿಕೊಂಡೆ. ಪರೀಕ್ಷಕರ ಮುಂದೆ ಸಿಕ್ಕಿಬೀಳುವ ಭಯವಿತ್ತು, ಸುಳ್ಳೇಕೆ. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷ ನಿಂತುಕೊಂಡು ಬಂದವಳು ಕೊನೆಯ ಸ್ಟಾಪಿನಲ್ಲಿ ಇನ್ನೊಬ್ಬರ ಮಡಿಲಲ್ಲಿ ಕೂರುವುದು ಬೇಡ ಅನ್ನಿಸಿತು.

ಹಾಸನದಲ್ಲಿ ಆ ಸಿನಿಮಾ ತೆಗೆದಾಗಿತ್ತು. ಚನ್ನರಾಯಪಟ್ಟಣದ ಒಂದು ಥಿಯೇಟರಿನಲ್ಲಿ ಗುರುವಾರದವರೆಗೆ ಮ್ಯಾಟಿನಿ ಆಟ ಇದೆ ಎಂದು ಗೊತ್ತಾಯಿತು. ಅವ್ವನಿಗೆ ಹೇಳಿ ಬುಧವಾರ ಒಬ್ಬಳೇ ಹೋದೆ. ಒಳಗೊಳಗೇ ಖುಷಿ: ಅತ್ತೆ ಇಲ್ಲ, ಜನ ಇರುವುದಿಲ್ಲ, ನೆಮ್ಮದಿಯಾಗಿ ನೋಡಬಹುದು.

ಟಿಕೆಟ್ ಕೊಡುವವನು ಕಿಂಡಿಯೊಳಗಿನಿಂದ ಬಗ್ಗಿ ನೋಡಿದ. "ಒಬ್ರೇನಾ?"

"ಹೂಂ ಸಾ."

"ಕೂತಿರಿ. ಅತ್ತು ಜನ ಆದ್ರೆ ಶೋ."

ಕೂತೆ. ಗಂಡ ಹೆಂಡತಿ ಇಬ್ಬರು ಬಂದರು. ಕೈಚೀಲ ಹಿಡಿದ ಒಬ್ಬ ಮುದುಕಪ್ಪ ಬಂದ. ಆಮೇಲೆ ಯಾರೂ ಬರಲಿಲ್ಲ. ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ನೋಡುತ್ತಿದ್ದೆ. ಇವನು ತಿರುಗಬಹುದು, ಇವಳು ತಿರುಗಬಹುದು. ಹಿಂದಿನ ಸಾಲಿನಲ್ಲಿ ಮೊಣಕಾಲು ಒತ್ತಿದವನು ಬಂದಿದ್ದರೂ ಕೈಮುಗಿದು ಕರೆದುಕೊಳ್ಳುತ್ತಿದ್ದೆ. ಆಟದ ಹೊತ್ತು ಮೀರಿತು. ಕಿಂಡಿಯವನು ಹೊರಗೆ ಬಂದ.

"ಇಲ್ಲ ಕಣವ್ವ, ಕರೆಂಟಿಗೂ ಗಿಟ್ಟಲ್ಲ."

"ನಾನು ಕಾಲೇಜಿಗೆ ಬರೀಬೇಕು ಸಾ. ನನ್ನೊಬ್ಬಳಿಗೇ ಹಾಕಿ."

"ಒಬ್ರಿಗೆ ಆಕಕ್ಕೆ ಇದೇನು ನಿಮ್ಮನೆ ಟಿವಿನಾ?" ಅಂದ. ಬೈದದ್ದಲ್ಲ, ಇದ್ದದ್ದನ್ನೇ ಹೇಳಿದ. ಬಾಗಿಲು ಎಳೆದುಕೊಂಡ.

ಮನೆಗೆ ಬಂದು ಬ್ಯಾಗನ್ನು ಮೂಲೆಗೆ ಎಸೆದೆ. ಉಳಿದದ್ದು ಒಂದೇ ದಿನ. ಅವ್ವ ಏನಾಯಿತು ಎಂದು ಕೇಳಿದಾಗ ಎಲ್ಲ ಹೇಳಿದೆ, ಗಟ್ಟಿಯಾಗಿ, ಟಿವಿ ಮುಂದೆ ಕೂತವಳಿಗೂ ಕೇಳಿಸಲಿ ಎಂದೇ. ಅತ್ತೆ ಜಾಹೀರಾತು ಬಂದಾಗ ಮಾತ್ರ ತಿರುಗಿದಳು.

"ಅತ್ತೇ ಜನನಾ?"

"ಹತ್ತೇ."

"ಬೆಳಿಗ್ಗೆ ಎಷ್ಟೊತ್ಗೆ ಬಸ್ಸು?" ಎಂದು ಕೇಳಿ, ಧಾರಾವಾಹಿ ಮುಗಿಯುವ ಮೊದಲೇ ಎದ್ದು ಹೋದಳು. ಅವಳು ಧಾರಾವಾಹಿಯ ಮಧ್ಯದಲ್ಲಿ ಎದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಬಸ್ ನಿಲ್ಲುವ ಕಡೆಗೆ ಹೋದರೆ ಅತ್ತೆಯ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಅಲ್ಲಿದ್ದರು. ಮದುವೆಗೆ ಉಡುವ ಸೀರೆ, ಕೈಯಲ್ಲಿ ಬುತ್ತಿ.

"ಇದೇನತ್ತೆ?"

"ಗುರುವಾರ ಸಂಗದ ಮೀಟಿಂಗು. ಇವತ್ತು ಮೀಟಿಂಗು ಚನ್ರಾಯಪಟ್ಣದಲ್ಲಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನ್ನ ಮುಖ ಹೇಗಿತ್ತೋ, ಅತ್ತೆ ಸಿಡುಕಿದಳು.

"ನಿಂಗೋಸ್ಕರ ಅಂದ್ಕೋಬ್ಯಾಡ ಕಣೆ. ಆ ತಂಗಿ ಸಿಕ್ಕಿದ್ಲೋ ಇಲ್ವೋ ಅಂತ ನಂಗೆ ಅವತ್ತಿಂದ ತಿಂದನ್ನ ಮೈಗತ್ತಿಲ್ಲ."

"ಸಂಜೆ ಹಾಲು?"

"ನಿಮ್ಮವ್ವ ಕರೀತಳೆ. ಬಸ್ ಓದ್ರೆ ಓಗ್ಲಿ, ನಡ್ಕೊಂಡ್ ಬರಾನ."

ಕಿಂಡಿಯವನು ನಮ್ಮ ಗುಂಪನ್ನು ನೋಡಿ ಹುಬ್ಬೇರಿಸಿದ. "ಏನವ್ವ, ಮದ್ವೆ ದಿಬ್ಬಣನೇ ಕರ್ಕೊಂಬಂದ್ಬುಟ್ಟಾ?" ಅತ್ತೆ ಬಿಡುತ್ತಾಳೆಯೇ? "ಊಂ ಕಣಪ್ಪ, ಗಂಡು ನೀನೇ. ಬೇಗ ಬಾಗ್ಲು ತಗಿ." ನಿನ್ನೆಯ ಮುದುಕಪ್ಪನೂ ಮತ್ತೆ ಬಂದಿದ್ದ. ಎಲ್ಲ ಸೇರಿ ಹತ್ತು ದಾಟಿತು. ದೀಪ ಆರಿತು.

ಆ ದಿನ ನಾನು ಶಾಂತಳಾಗಿ ನೋಡಿದೆ ಎಂದರೆ ಸುಳ್ಳು. ಒಬ್ಬಾಕೆ ಫೋನಿನಲ್ಲಿ "ಟಾಕೀಸಲ್ಲಿವ್ನಿ ಕಣಾ, ಸಾರು ಒಲೆ ಮೇಲೈತೆ, ಬಿಸಿ ಮಾಡ್ಕೊ" ಎಂದು ಗಂಡನಿಗೆ ಹೇಳಿದಳು. ಇನ್ನೊಬ್ಬಳು ಬುತ್ತಿ ಬಿಚ್ಚಿದಳು, ಚಿತ್ರಾನ್ನದ ವಾಸನೆ ಸಾಲೆಲ್ಲ ಹರಡಿತು. ಅತ್ತೆ ಹಿಂದೆ ನೋಡಿದ ಭಾಗವನ್ನೆಲ್ಲ ಮುಂಚೆಯೇ ಹೇಳುತ್ತಾ ಹೋದಳು. ನಾನು ನಾಲ್ಕು ಸಲ ಗದರಿದೆ. ಗದರುವಾಗಲೆಲ್ಲ, ಇವರು ಎದ್ದು ಹೋಗಿಬಿಟ್ಟರೆ ಎಂಬ ಭಯವೂ ಜೊತೆಯಲ್ಲೇ ಇತ್ತು. ಮನೆಯಲ್ಲಿ ಇಂಥ ಭಯ ಇರಲಿಲ್ಲ. ಅಲ್ಲಿ ಯಾರು ಎದ್ದು ಹೋದರೂ ಸಿನಿಮಾ ನಮ್ಮದೇ.

ಅಣ್ಣ ಬಾಗಿಲು ತಟ್ಟಿದ. ತಂಗಿ ತೆರೆದಳು. ಕೂರಿಸಿ ಕಾಫಿ ಕೊಟ್ಟಳು. ತಾನು ಕಳೆದುಹೋಗಿಲ್ಲ, ತಾನಾಗಿಯೇ ಬಂದದ್ದು, ವಾಪಸ್ಸು ಬರುವುದಿಲ್ಲ ಅಂದಳು. ಅವನು ಲೋಟ ಕೆಳಗಿಟ್ಟು ಲಾರಿ ಹತ್ತಿದ. ಅಷ್ಟೇ.

"ಅಂಗೇ ಬುಟ್ಬುಟ್ ಬಂದ್ಬುಟ್ನಾ? ಎಂತಾ ಅಣ್ಣ ಇವ್ನು!" ಎಂದು ಒಬ್ಬಳು ರೇಗಿದಳು. "ಬರಲ್ಲ ಅಂದೋಳ್ನ ಜುಟ್ಟಿಡ್ದು ಎಳ್ಕೊಂಬರಕ್ಕಾಯ್ತದಾ?" ಎಂದು ಇನ್ನೊಬ್ಬಳು. ಬಸ್ಸಿನಲ್ಲೂ ಅದೇ ಜಗಳ. ಶಾಂತಿಗ್ರಾಮದಲ್ಲಿ ಇಳಿದು ಊರಿಗೆ ನಡೆಯುವಾಗಲೂ ಅದೇ. ಅತ್ತೆ ಮಾತ್ರ ಗುಂಪು ಬಿಟ್ಟು ಮುಂದೆ ಮುಂದೆ ನಡೆಯುತ್ತಿದ್ದಳು.

ಅವರ ಜಗಳವನ್ನೂ ಸೇರಿಸಿ ನಡೆದದ್ದನ್ನೆಲ್ಲ ಬರೆದೆ. ಪರೀಕ್ಷಕರು ವರದಿಯನ್ನು ಮೇಜಿನ ಮೇಲಿಟ್ಟು ಕೇಳಿದರು, "ಹಾಗಾದ್ರೆ ಯಾವುದು ಒಳ್ಳೇದಮ್ಮ? ಮನೆಯೋ, ಥಿಯೇಟರೋ?"

"ಎರಡು ಕಡೆನೂ ನೆಮ್ಮದಿ ಇಲ್ಲ ಸರ್. ಮನೇಲಿ ನಮ್ಮೋರು ನೋಡೋಕೆ ಬಿಡಲ್ಲ, ಅಲ್ಲಿ ಬೇರೆಯವರು ಬಿಡಲ್ಲ. ಆದ್ರೆ ಅಲ್ಲಿ ಬೇರೆಯವರು ಬರದೇ ಇದ್ರೆ ಶೋನೇ ಇಲ್ಲ."

ಅವರು ಮೇಡಂ ಮುಖ ನೋಡಿದರು. ಆಮೇಲೆ ಬಹಳ ಹೊತ್ತು ಸಂಘದ ಹೆಂಗಸರ ಬಗ್ಗೆಯೇ ಕೇಳಿದರು. ನನ್ನ ಬಾಯಿ ಎಲ್ಲೂ ತಡವರಿಸಲಿಲ್ಲ. ಪೇಪರ್ ಪಾಸಾಯಿತು. ಮಿಕ್ಕವೂ ಪಾಸಾದವು.

ಸರ್ಟಿಫಿಕೇಟ್ ಬಂದಿದೆ ಎಂದು ತಿಳಿದ ದಿನ ಕಾಲೇಜಿನ ಆಫೀಸಿನಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಮಡಚಿಹೋಗಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು, ಬಸ್ಸಿನ ನೂಕುನುಗ್ಗಲಿನಲ್ಲಿ ಎದೆಗೆ ಒತ್ತಿಕೊಂಡು ತಂದೆ. ಮೊದಲು ಅಪ್ಪನ ಕೈಗೆ ಕೊಡಬೇಕಿತ್ತು. ಅಪ್ಪ ತೋಟದಿಂದ ಇನ್ನೂ ಬಂದಿರಲಿಲ್ಲ, ಅವ್ವ ಡೈರಿಗೆ ಹೋಗಿದ್ದಳು. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಧಾರಾವಾಹಿ ನೋಡುತ್ತಿದ್ದ ಅತ್ತೆಯ ಮುಂದೆ ನಿಂತು, ರಟ್ಟು ತೆಗೆದು, ಅವಳ ಕೈಗೇ ಕೊಟ್ಟೆ.

ಅವಳು ಎರಡೂ ಅಂಗೈ ಅಗಲಿಸಿ ಅದನ್ನು ತೆಗೆದುಕೊಂಡಳು. ಮುದ್ರೆ ನೋಡಿದಳು, ನನ್ನ ಫೋಟೋ ನೋಡಿದಳು, ಅಕ್ಷರದ ಸಾಲುಗಳ ಮೇಲೆ ಕಣ್ಣಾಡಿಸಿದಳು. ಓದಲು ಅವಳಿಗೆ ಬರುವುದಿಲ್ಲ.

"ಮೊದ್ಲು ಆ ಟಿವಿ ಆರ್ಸವ್ವ," ಅಂದಳು. "ಏನೇನ್ ಬರ್ದವ್ರೆ ಓದು. ನಿದಾನಕ್ಕೆ ಓದು. ಎಲ್ಲೂ ಬುಡ್ಬ್ಯಾಡ."